ಮೇಸ್ತ್ರಿ ಮುಚ್ಚಿದ ತೂತುಗಳು

ಮೇಸ್ತ್ರಿ ತೀರಿಕೊಂಡ ಮೇಲೆ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವರಷ್ಟು ಒಳ್ಳೆಯವರು ಇನ್ನೊಬ್ಬರಿಲ್ಲ ಎಂದಾಗಿದೆ. ಡ್ರೈವರುಗಳು ಹೊಗಳುತ್ತಾರೆ, ಕಂಡಕ್ಟರುಗಳು ಹೊಗಳುತ್ತಾರೆ, ಅವರಿಂದ ಬೈಸಿಕೊಂಡು ಗಾಡಿಯನ್ನು ಬೇರೆ ಶೆಡ್ಡಿಗೆ ಒಯ್ದ ಟ್ಯಾಕ್ಸಿಯವರಂತೂ ಕಣ್ಣೊರೆಸಿಕೊಳ್ಳುತ್ತಾರೆ. ಇದೇ ಜನ ಆರು ತಿಂಗಳ ಹಿಂದೆ ಅವರನ್ನು ಮೊಂಡ, ಜಂಬದ ಮನುಷ್ಯ, ಯಾರ ಮಾತೂ ಕೇಳದವ ಎಂದು ಆಡಿಕೊಳ್ಳುತ್ತಿದ್ದರು. ಒಂದು ಕಾಲದಲ್ಲಿ ನಾನೂ ಆ ಪೈಕಿಯೇ. ಆದ್ದರಿಂದ ಅವರ ಬಗ್ಗೆ ನಾಲ್ಕು ಮಾತು ಬರೆಯುವ ಯೋಗ್ಯತೆ ನನಗೂ ಇದೆ ಎಂದುಕೊಂಡಿದ್ದೇನೆ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೇ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಊರಿಗೆಲ್ಲ ಅವರು ಮೇಸ್ತ್ರಿ.

ನಾನು ಬಸ್ ಕಂಪೆನಿಯೊಂದರ ಆಫೀಸಿನಲ್ಲಿ ಗುಮಾಸ್ತ. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಬಸ್ಸುಗಳ ಊರಿನ ಬೋರ್ಡು ಬರೆಯುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು. ಆಫೀಸಿಗೂ ಮೇಸ್ತ್ರಿಯ ಶೆಡ್ಡಿಗೂ ನಡುವೆ ಒಂದು ತಗಡಿನ ಗೋಡೆ. ಐವತ್ತಾರರಲ್ಲಿ ನಾನು ಕೆಲಸಕ್ಕೆ ಸೇರಿದಾಗಲೇ ಅವರು ಅಲ್ಲಿದ್ದರು. ಬಾರ್ಕೂರಿನ ಕಮ್ಮಾರರ ಮನೆಯವರು. ದಿನಾ ಮೊದಲ ಬಸ್ಸಿಗೆ ಬಂದು ಕತ್ತಲಾಗುವ ಮೊದಲು ಹೊರಟುಬಿಡುತ್ತಿದ್ದರು. ಗಿಡ್ಡ ಆಳು, ಖಾಕಿ ಚಡ್ಡಿ, ಎಲ್ಲರೂ ಬೈರಾಸಿನ ತುಂಡುಬಟ್ಟೆ ಹಾಕಿಕೊಳ್ಳುವ ಹೆಗಲ ಮೇಲೆ ಎಣ್ಣೆ ಒರೆಸುವ ನೂಲಿನ ಉಂಡೆ. ಎಲೆಯಡಿಕೆಯ ಕವಳ ಹಾಕಿದ ಬಾಯಿ ತೆರೆಯುವುದು ಅಪರೂಪ. ತೆರೆದರೆ ಎದುರಿಗಿದ್ದವನಿಗೆ ಒಳ್ಳೆಯದಾಗುತ್ತಿರಲಿಲ್ಲ.

ಅವರದೊಂದು ಪದ್ಧತಿ ಇತ್ತು. ರಿಪೇರಿಗೆ ಬಂದ ಗಾಡಿಯ ಯಜಮಾನನನ್ನು ಅವರು ಏನೂ ಕೇಳುತ್ತಿರಲಿಲ್ಲ. ಅವನು ತಾನಾಗಿ ಹೇಳಲು ಹೊರಟರೆ ಕೈ ಅಡ್ಡ ಹಿಡಿಯುವರು. ಕೈ ಹಿಂದೆ ಕಟ್ಟಿ ಗಾಡಿಗೆ ಒಂದು ಸುತ್ತು ಬರುವರು. ಆಮೇಲೆ ಗೋಣಿ ಹಾಸಿ ಅಡಿಗೆ ತೂರಿ ಒಂದು ಗಂಟೆ ಸುಮ್ಮನೆ ಮಲಗಿರುವರು. ನಿದ್ದೆ ಮಾಡುತ್ತಾರೆ ಎಂದು ನಾವು ನಗುತ್ತಿದ್ದೆವು. ಕೆಲವು ಸಲ ಮಾಡುತ್ತಲೂ ಇದ್ದರು.

“ಓನರ್ ಬಾಯಂಗೆ ಹತ್ತ್ ಸುಳ್ಳ್ ಬತ್ತ್. ಗಾಡಿ ಸುಳ್ಳ್ ಹೇಳುದಿಲ್ಲ,” ಎನ್ನುವರು.

ಬೈಂದೂರು ಕಡೆಯ ಟ್ಯಾಕ್ಸಿಯೊಂದು ಸ್ಪ್ರಿಂಗು ಮುರಿದುಕೊಂಡು ಬಂದಿತ್ತು. ಅದರವನು ಐದೇ ಜನ ಇದ್ದದ್ದು ಎಂದು ಆಣೆ ಹಾಕುತ್ತಿದ್ದ. ಮೇಸ್ತ್ರಿ ಗಾಡಿಯ ಅಡಿಯಿಂದಲೇ ಹೇಳಿದರು: “ಹದ್ಮೂರ್ ಜನ.” ಆಮೇಲೆ ಅದರ ಕ್ಲೀನರನೇ ಬಾಯಿಬಿಟ್ಟ. ಇದ್ದದ್ದು ಹನ್ನೊಂದು ಜನ ಮತ್ತು ಎರಡು ಅಕ್ಕಿ ಮೂಟೆ. ಆ ಮೂಟೆಗಳನ್ನೂ ಜನವೆಂದೇ ಎಣಿಸಿದ್ದಕ್ಕೆ ಮೇಸ್ತ್ರಿ ಬೇಸರಪಟ್ಟುಕೊಳ್ಳಲಿಲ್ಲ. ಸ್ಪ್ರಿಂಗಿಗೆ ಅದೆಲ್ಲ ಒಂದೇ ಎಂದರು.

ಇನ್ನೊಂದು ಪದ್ಧತಿ, ಲೋಟದ್ದು. ಕೆಲಸ ಮುಗಿದ ಗಾಡಿಯ ಇಂಜಿನು ಶುರುಮಾಡಿ, ಬಾನೆಟ್ಟಿನ ಮೇಲೆ ಕಂಠಮಟ್ಟ ನೀರು ತುಂಬಿದ ಸ್ಟೀಲಿನ ಲೋಟ ಇಡುವರು. ಒಂದು ಹನಿ ಚೆಲ್ಲಿದರೂ ಗಾಡಿ ಶೆಡ್ಡಿನಿಂದ ಹೊರಡುವಂತಿಲ್ಲ. ಯಜಮಾನ ಮದುವೆ ದಿಬ್ಬಣಕ್ಕೆ ತಡವಾಯಿತೆಂದು ಹೊಯ್ದುಕೊಂಡರೂ ಅಷ್ಟೇ. ಒಮ್ಮೆ ಸಾಲಿಗ್ರಾಮದ ಕಡೆಯ ಯಕ್ಷಗಾನ ಮೇಳವೊಂದರ ವ್ಯಾನು ಹೀಗೇ ಲೋಟಕ್ಕೆ ಸಿಕ್ಕಿಬಿದ್ದು, ಆ ದಿನದ ಆಟಕ್ಕೆ ಚೆಂಡೆ ಮದ್ದಲೆ ಎತ್ತಿನ ಗಾಡಿಯಲ್ಲಿ ಹೋದವು.

ಹೊಳೆಗಳಿಗೆ ಸೇತುವೆ ಆಗದಿದ್ದ ಕಾಲದಲ್ಲಿ ಬಸ್ಸನ್ನು ಜಂಗಲ್ ಮೇಲೆ, ಅಂದರೆ ಜೋಡಿಸಿ ಕಟ್ಟಿದ ದೋಣಿಗಳ ಹಲಗೆಯ ಮೇಲೆ, ದಾಟಿಸುವುದಿತ್ತು. ಜನರೆಲ್ಲ ಇಳಿದು ನಿಲ್ಲುವರು. ಬ್ರೇಕು ಕೈಕೊಟ್ಟರೆ ಬಸ್ಸು ನೇರ ನೀರಿಗೆ. ತಾನು ಬ್ರೇಕು ಕಟ್ಟಿದ ಬಸ್ಸು ಮೊದಲ ಸಲ ಹೊಳೆ ದಾಟುವ ದಿನ ಮೇಸ್ತ್ರಿ ಮಾತ್ರ ಹೋಗಿ ಬಸ್ಸಿನೊಳಗೇ ಕೂರುತ್ತಿದ್ದರು. ಈಜು ಬರುತ್ತಿರಲಿಲ್ಲ. ಎಂತಕ್ಕೆ ಎಂದು ಕೇಳಿದ್ದಕ್ಕೆ, “ನಾ ಮಾಡ್ದ್ ಬ್ರೇಕ್ ಮೇಲೆ ನಾನೇ ಕೂಕಣ್ದಿದ್ರೆ ಮತ್ತ್ ಯಾರ್ ಕೂಕಂತ್ರ್?” ಎಂದಿದ್ದರು. ಇದನ್ನು ಆಗ ನಾನು ಜಂಬ ಎಂದುಕೊಂಡಿದ್ದೆ.

ಇಂಥವರ ಶೆಡ್ಡಿಗೆ ಒಂದು ದಿನ ರೇಸಿನ ಕಾರು ಬಂತು.

ಕೊಕ್ಕರ್ಣೆ ಕಡೆಯ ದೊಡ್ಡ ಮನೆಯೊಂದರವರು ಮದ್ರಾಸಿನಲ್ಲಿ ಹೋಟೆಲು ಇಟ್ಟಿದ್ದರು. ಮನೆಯ ಮಗನನ್ನು ಊರಿನಲ್ಲಿ ಸಣ್ಣೊಡೆಯರು ಎಂದು ಕರೆಯುವುದು ವಾಡಿಕೆ. ಹೋಟೆಲಿನ ಗಲ್ಲಾದಲ್ಲಿ ಕೂರಬೇಕಾದ ಈ ಸಣ್ಣೊಡೆಯರು ಮದ್ರಾಸಿನ ಹತ್ತಿರದ ಹಿಂದೆ ವಿಮಾನ ಇಳಿಯುತ್ತಿದ್ದ ಬಯಲಿನಲ್ಲಿ ಪುಟ್ಟ ಕಾರೊಂದನ್ನು ಗಿರಗಿರನೆ ಓಡಿಸುವ ಚಟ ಹಚ್ಚಿಕೊಂಡಿದ್ದರು. ಸಂಬಳವಿಲ್ಲ, ಸಾರಿಗೆಯಿಲ್ಲ, ಹೊರಟ ಜಾಗಕ್ಕೇ ತಿರುಗಿ ಬರುವುದು. ಬಸ್ಸು ಓಡಿಸುವ ನಮಗೆ ಇದು ಅರ್ಥವಾಗುವ ವಿಷಯವಲ್ಲ. ಆ ವರ್ಷದ ಕೊನೆಯ ರೇಸಿನಲ್ಲಿ ಒಂದು ತಿರುವಿನಲ್ಲಿ ಕಾರು ಮೂರು ಪಲ್ಟಿ ಹೊಡೆಯಿತು. ಸಣ್ಣೊಡೆಯರ ಹೆಗಲೆಲುಬು, ಎರಡು ಪಕ್ಕೆಲುಬು ಮುರಿದವು. ಅಪ್ಪ ಕಾರನ್ನು ಗುಜರಿಗೆ ಹಾಕಿಸಲು ಹೊರಟರು. ಮಗ ಆಸ್ಪತ್ರೆಯ ಮಂಚದಲ್ಲಿ ಊಟ ಬಿಟ್ಟು ಮಲಗಿದ. ಕೊನೆಗೆ ಆದ ಒಪ್ಪಂದ ಇದು: ಇನ್ನೊಂದೇ ಒಂದು ಸೀಸನ್. ಆಮೇಲೆ ಕಾರು ಕೊಕ್ಕರ್ಣೆಯ ಅಂಗಳಕ್ಕೆ, ಮಗ ಗಲ್ಲಾಕ್ಕೆ ಮತ್ತು ಮದುವೆಯ ಮಂಟಪಕ್ಕೆ. ಹಾಗೆ ಆ ಕಾರು, ಇಲ್ಲಿಂದ ಹಂಚು ತುಂಬಿಸಿಕೊಂಡು ಹೋಗಲು ಬರುತ್ತಿದ್ದ ಲಾರಿಯ ಬೆನ್ನೇರಿ, ಮನೆಯ ಹಳೇ ಕಾರನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯ ಶೆಡ್ಡಿಗೆ ಬಂತು. ಲಾರಿಯವನು ಹೇಳಿದ್ದು ಇಷ್ಟೇ: “ರಿಪೇರಿ ಮಾಡ್ಕಂಬ್ರ್. ಅವ್ರ್ ಗುಣ ಆದ್ಕೂಡ್ಲೆ ಬತ್ರಂಬ್ರ್.” ಹೆಚ್ಚಿಗೆ ಹೇಳಿದ್ದರೂ ಮೇಸ್ತ್ರಿ ಕೇಳುತ್ತಿರಲಿಲ್ಲ.

ಅವರು ಕಾರಿಗೊಂದು ಸುತ್ತು ಬಂದರು. ಅಡಿಗೆ ತೂರಿದರು. ಆ ದಿನ ಎರಡು ಗಂಟೆ ಹೊರಗೆ ಬರಲಿಲ್ಲ. ಬಂದವರ ಮುಖದಲ್ಲಿ ಮರುಕ ಇತ್ತು.

“ಎಂತ ಅವಸ್ಥೆ ಮಾಡಿರ್ ಕಾಣಿ,” ಎಂದರು. “ಹಿಂದಿನ ಸೀಟಿಲ್ಲ. ಗಾಜಿಲ್ಲ. ಸೈಲೆನ್ಸರ್ ಕಳ್ದ್ ಹೋಯ್ತ್. ಬಾಗ್ಲಂಗೆ, ಪೆಡಲಂಗೆ, ಚಾಸಿಯಂಗೆ ಪೂರ ತೂತ್. ಗೆದ್ಲ್ ಹಿಡ್ದಾಂಗೆ.”

ನನಗೆ ಗೊತ್ತಿತ್ತು. ವಾರಪತ್ರಿಕೆಯೊಂದರಲ್ಲಿ ಚಿತ್ರಸಮೇತ ಓದಿದ್ದೆ. ರೇಸಿನ ಕಾರು ಹಗುರವಾಗಲೆಂದು ಸೀಟು ಕಿತ್ತುಹಾಕುತ್ತಾರೆ, ಗಾಜು ತೆಗೆಯುತ್ತಾರೆ, ಕಬ್ಬಿಣ ಇದ್ದಲ್ಲೆಲ್ಲ ತೂತು ಕೊರೆಯುತ್ತಾರೆ. ಅದು ಗೆದ್ದಲಲ್ಲ, ಸಣ್ಣೊಡೆಯರು ಒಂದು ವರ್ಷ ಕೂತು ಕೊರೆಸಿದ್ದು. ಹೇಳೋಣವೆಂದು ಗೋಡೆ ದಾಟಿ ಹೋದೆ.

“ಮೇಸ್ತ್ರಿ, ಇದ್ ರೇಸಿನ್ ಕಾರಲೆ. ಹಾಂಗಾಯಿ...”

“ನೀವ್ ನಿಮ್ ಬೋರ್ಡ್ ಕಾಣಿ,” ಎಂದರು ಮೇಸ್ತ್ರಿ.

ನಾನು ನನ್ನ ಬೋರ್ಡು ನೋಡಲು ಹೋದೆ. ಎಸ್ಸೆಸೆಲ್ಸಿ ಪಾಸಾದವನಿಗೆ ಇದಕ್ಕಿಂತ ಅವಮಾನ ಬೇಕೆ? ನಿಜ ಹೇಳುತ್ತೇನೆ, ಈ ಮನುಷ್ಯ ಒಂದು ಸಲವಾದರೂ ತಪ್ಪು ಮಾಡುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಆ ಹೊತ್ತಿನಲ್ಲಿ ನನಗೆ ಹುಟ್ಟಿತು. ಆಮೇಲೆ ಐದು ತಿಂಗಳು ಆ ಆಸೆಯನ್ನು ಜೋಪಾನವಾಗಿ ಸಾಕಿದೆ. ಎದುರಿಗೆ ಸಣ್ಣೊಡೆಯರ ಸೀಸನ್ನು ಹಾಳಾಗುತ್ತಿರುವುದು ನನಗೆ ಕಾಣುತ್ತಿತ್ತು. ನನ್ನ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು.

ಆ ಐದು ತಿಂಗಳಲ್ಲಿ ಮೇಸ್ತ್ರಿ ಮಾಡಿದ ಕೆಲಸವನ್ನು ನೋಡಲು ಮಂಗಳೂರಿನಿಂದಲೂ ಫಿಟ್ಟರುಗಳು ಬಂದರು. ಬಸ್ಸುಗಳ ಕೆಲಸ ಮುಗಿಸಿ, ದಿನಾ ಒಂದೋ ಎರಡೋ ಗಂಟೆ. ಜಜ್ಜಿಹೋದ ತಗಡನ್ನು ಸುತ್ತಿಗೆಯಲ್ಲಿ ಹಿಟ್ಟಿನ ಹಾಗೆ ತಟ್ಟಿ ತಟ್ಟಿ ಎಳೆದರು. ಒಂದೊಂದು ತೂತಿಗೂ ಅಷ್ಟೇ ಅಗಲದ ಕಬ್ಬಿಣದ ಬಿಲ್ಲೆ ಕತ್ತರಿಸಿ, ಬೆಸೆದು, ಅರ ಹಾಕಿ ಉಜ್ಜಿದರು. ಬೆರಳು ಆಡಿಸಿದರೆ ಎಲ್ಲಿ ತೂತಿತ್ತು ಎಂದು ಗೊತ್ತಾಗಬಾರದು. ನೂರ ನಲವತ್ತು ತೂತುಗಳವರೆಗೆ ನಾನು ಎಣಿಸಿದ್ದೆ, ಆಮೇಲೆ ನನಗೇ ನಾಚಿಕೆಯಾಗಿ ಬಿಟ್ಟೆ. ತೆಂಗಿನ ನಾರು ತುಂಬಿ ಹಸುರು ರೆಕ್ಸಿನ್ ಹೊದಿಸಿ ಹಿಂದಿನ ಸೀಟು ಮಾಡಿಸಿದರು. ನಾಲ್ಕೂ ಕಡೆ ಗಾಜು ಬಂತು. ಸೈಲೆನ್ಸರ್ ಬಂತು. ದನಕರು ಅಡ್ಡ ಬಂದರೆ ಬೇಕಲ್ಲ ಎಂದು ಹಾರ್ನು ಬಂತು. ಬಾಗಿಲ ಮೇಲೆ ದೊಡ್ಡದಾಗಿ ಬರೆದಿದ್ದ ನಂಬರನ್ನು ಯಾರೋ ಗೀಚಿದ್ದೆಂದು ತಿಳಿದು ಕೆರೆದು, ಕೆನೆ ಬಣ್ಣ ಹೊಡೆದರು. ಕೊನೆಗೆ ಲೋಟ ಇಟ್ಟರು. ರೇಸಿಗೆಂದು ಬಿಗಿ ಮಾಡಿದ್ದ ಇಂಜಿನು ಲೋಟವನ್ನೇ ಉರುಳಿಸಿತು. ಮೇಸ್ತ್ರಿ ಇಪ್ಪತ್ತು ದಿನ ಅದರ ಹಿಂದೆ ಬಿದ್ದು, ಅದರ ಹುಚ್ಚನ್ನೆಲ್ಲ ಇಳಿಸಿ, ಹನಿ ಚೆಲ್ಲದ ಹಾಗೆ ಮಾಡಿದರು.

ಒಂದು ವಸ್ತುವನ್ನು ಮಾತ್ರ ಅವರು ಮೊದಲ ದಿನವೇ ಬಟ್ಟೆಯಲ್ಲಿ ಸುತ್ತಿ ತೆಗೆದಿಟ್ಟಿದ್ದರು. ಸ್ಟೇರಿಂಗಿನ ತಿರುವನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಗೇಣುದ್ದದ ಕಬ್ಬಿಣದ ತೋಳು. ಅದಕ್ಕೂ ಮೂರು ತೂತು ಕೊರೆದಿತ್ತು. ನಡುವಿನ ತೂತಿನ ಹತ್ತಿರ ಅದು ಎರಡು ತುಂಡಾಗಿತ್ತು. ಅದಕ್ಕೆ ಬಿಲ್ಲೆ ಬೆಸೆಯಲಿಲ್ಲ. ಬಸ್ಸಿನ ಹಳೇ ಆಕ್ಸಲಿನ ಉಕ್ಕನ್ನು ಬಾರ್ಕೂರಿಗೆ ಹೊತ್ತೊಯ್ದು, ಅಣ್ಣನ ಕುಲುಮೆಯಲ್ಲಿ ತಾನೇ ಬಡಿದು ಎರಡೂ ಬದಿಗೆ ಹೊಸ ತೋಳು ಮಾಡಿಕೊಂಡು ಬಂದರು.

ಸಣ್ಣೊಡೆಯರು ಬಂದಾಗ ರೇಸಿಗೆ ಹನ್ನೆರಡು ದಿನ ಇತ್ತು. ಹಂಚಿನ ಲಾರಿ ಹೊರಡುವುದಕ್ಕೆ ಎಂಟು. ಮೇಸ್ತ್ರಿ ಮೈತೊಳೆದು ಅಂಗಿ ಹಾಕಿಕೊಂಡಿದ್ದರು. ಕಾರು ಹೊರಗೆ ಬಿಸಿಲಿನಲ್ಲಿ ನಿಂತಿತ್ತು. ಮದುಮಗಳನ್ನು ಕರೆತರುವುದಕ್ಕೆ ಯೋಗ್ಯವಾಗಿತ್ತು. ನಾನು ಬೋರ್ಡು ಬದಿಗಿಟ್ಟು, ಐದು ತಿಂಗಳಿನಿಂದ ಕಾದಿದ್ದ ಸುಖವನ್ನು ಅನುಭವಿಸಲು ಬಾಗಿಲಲ್ಲಿ ನಿಂತೆ.

ಸಣ್ಣೊಡೆಯರು ಕಾರಿಗೆ ಒಂದು ಸುತ್ತು ಬಂದರು. ಬಾಗಿಲು ತೆರೆದು ಹಸುರು ಸೀಟು ನೋಡಿದರು. ಪೆಡಲಿನ ಮೇಲೆ ಬೆರಳಾಡಿಸಿದರು.

“ಇದೆಂತ ಮಾಡಿದ್ರಿ ಮೇಸ್ತ್ರಿ?”

“ರಿಪೇರಿ.”

ಆ ದೊಡ್ಡ ಮನೆಯ ಮಗ, ಇಪ್ಪತ್ತೈದು ವರ್ಷದ ಗಂಡಸು, ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. “ಇದೊಂದೇ ಸೀಸನ್ ಇತ್ತ್ ನಂಗೆ,” ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾನು ಕಾದಿದ್ದ ಸುಖ ಬರಲಿಲ್ಲ.  ತೂತುಗಳ ಅರ್ಥವನ್ನು ಸಣ್ಣೊಡೆಯರು ವಿವರಿಸಿ ಹೇಳುವಾಗ ಮೇಸ್ತ್ರಿ ಮೊದಲ ಸಲ ಕೈ ಅಡ್ಡ ಹಿಡಿಯದೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿಮ್ಗೆ ಗೊತ್ತಿತ್ತಾ?”

“ಗೊತ್ತಿತ್ತ್. ಅವತ್ತ್ ಹೇಳುಕೆ ಬಂದಿದ್ದೆ...”

“ಹೌದ್. ನಾನೇ ಕೇಳ್ಲಿಲ್ಲ,” ಎಂದರು ಮೇಸ್ತ್ರಿ. ಮತ್ತೆ ಐದು ತಿಂಗಳು ಯಾಕೆ ಸುಮ್ಮನಿದ್ದೆ ಎಂದು ಅವರು ಕೇಳಲಿಲ್ಲ.  ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಸಣ್ಣೊಡೆಯರ ಎದುರು ನಿಂತು, ಹದಿನೈದು ವರ್ಷದಲ್ಲಿ ಯಾವ ಯಜಮಾನನನ್ನೂ ಕೇಳದಿದ್ದ ಪ್ರಶ್ನೆ ಕೇಳಿದರು: “ಎಲ್ಲೆಲ್ಲ್ ತೂತ್ ಬೇಕ್? ಹೇಳಿ.”

ಒಳ್ಳೆಯ ಕಾರಿಗೆ ತೂತು ಕೊರೆಯುವುದನ್ನು ನೋಡಲು ಕುಂದಾಪುರದ ಅರ್ಧ ಊರು ಬಂತು. ಮಂಗಳೂರಿನಿಂದ ಬಂದು ಹೊಗಳಿಹೋದವರ ಕಿವಿಗೂ ಸುದ್ದಿ ಮುಟ್ಟಿತು. “ಮೇಸ್ತ್ರಿ ತಲಿ ಸಮ ಇತ್ತಾ?” ಎಂದು ನನ್ನನ್ನು ಮೆತ್ತಗೆ ವಿಚಾರಿಸಿದವರು ಎಷ್ಟೋ ಜನ.  ಸಣ್ಣೊಡೆಯರು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದರು, ಮೇಸ್ತ್ರಿ ಕೈ ಡ್ರಿಲ್ಲು ತಿರುಗಿಸುತ್ತಾ ಹೋದರು. ತಾನೇ ಬೆಸೆದು ಉಜ್ಜಿದ ಬಿಲ್ಲೆಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಗಾಜು ಹೋಯಿತು, ಸೈಲೆನ್ಸರ್ ಹೋಯಿತು, ಇಂಜಿನ್ನಿಗೆ ಹುಚ್ಚು ಮರಳಿ ಬಂತು. ಬಾಗಿಲ ಮೇಲಿನ ನಂಬರನ್ನು ನಾನೇ ಬರೆದುಕೊಟ್ಟೆ. ಹಸುರು ಸೀಟನ್ನು ಶೆಡ್ಡಿನ ಎದುರು ಹಾಕಿದರು. ಬಸ್ಸು ಕಾಯುವವರಿಗೆ ಒಂದು ಅನುಕೂಲವಾಯಿತು.

ಏಳನೆಯ ದಿನ ಸಣ್ಣೊಡೆಯರು ಹೊಸ ತೋಳಿನ ಮೇಲೆ ಸೀಮೆಸುಣ್ಣದಲ್ಲಿ ಮೂರು ಗುರುತು ಹಾಕಿದರು.

ಮೇಸ್ತ್ರಿ ಡ್ರಿಲ್ಲು ಕೆಳಗಿಟ್ಟು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮುರಿದ ತೋಳನ್ನು ತಂದರು. ಮುರಿದ ಜಾಗ ತೋರಿಸಿದರು. ಅರ್ಧ ಭಾಗ ತುಕ್ಕು ಹಿಡಿದು ಕಪ್ಪಾಗಿತ್ತು, ಇನ್ನರ್ಧ ಬೆಳ್ಳಗೆ ಹೊಳೆಯುತ್ತಿತ್ತು.

“ಕಪ್ಪ್ ಇಪ್ದ್ ಮೊದ್ಲೇ ಬಿರ್ಕ್ ಬಿಟ್ಟದ್ದ್. ಬೆಳಿ ಇಪ್ದ್ ಅವತ್ತ್ ತುಂಡಾದ್ದ್. ಕಾರ್ ಪಲ್ಟಿ ಆಯಿ ಇದ್ ಮುರಿಲಿಲ್ಲ ಒಡೇರೆ. ಇದ್ ಮುರ್ದದ್ದಕ್ಕೆ ಕಾರ್ ಪಲ್ಟಿ ಆಯ್ತ್.”

“ಅಲ್ಲ ಮೇಸ್ತ್ರಿ. ಪಕ್ಕದವ ತಾಗ್ಸಿದ್ದಕ್ಕೆ ಪಲ್ಟಿ ಆದ್ದ್. ಮದ್ರಾಸಂಗೆ ಗೆಲ್ವರೆಲ್ಲ ಇದ್ಕೂ ತೂತ್ ಮಾಡ್ತ್ರ್.”

“ಎಲ್ಲಾ ತೂತ್ ಮಾಡ್ದೆ. ಇದೊಂದ್ ಬ್ಯಾಡ.”

“ನಿಮ್ಗೆ ರೇಸ್ ಅಂದ್ರ್ ಎಂತಂದೇಳಿ ಗೊತ್ತಿಲ್ಲ. ಈಗ್ಲೇ ಐದ್ ತಿಂಗ್ಳ್ ಹಾಳಾಯ್ತ್. ನಿಮ್ಗೆ ಆಗ್ದಿದ್ರೆ ಹೇಳಿ, ನಾಳೆ ಮಂಗ್ಳೂರಂಗೆ ಮಾಡುಸ್ತೆ.”

ಮೇಸ್ತ್ರಿ ಈಗ ಡ್ರೈವರನ ಸೀಟೊಂದೇ ಉಳಿದಿದ್ದ ಆ ಕಾರನ್ನು ನೋಡಿದರು. “ಇನ್ನೊಂದ್ ಸೀಟ್ ಇದ್ದಿದ್ರೆ ನಾನೂ ಬಂದ್ ಕೂಕಂತಿದ್ದೆ,” ಎಂದರು. ಸಣ್ಣೊಡೆಯರು ನಕ್ಕರು. ನಾನು ನಗಲಿಲ್ಲ. ಜಂಗಲ್ ಮೇಲೆ ಬಸ್ಸಿನೊಳಗೆ ಒಬ್ಬರೇ ಕೂತಿದ್ದ ಈಜು ಬಾರದ ಮನುಷ್ಯನನ್ನು ಕಂಡಿದ್ದವನು ನಾನು.

“ಆಯ್ತ್. ನಾಳೆ ಬೆಳಿಗ್ಗೆ ಬನ್ನಿ,” ಎಂದರು ಮೇಸ್ತ್ರಿ.

ಸಣ್ಣೊಡೆಯರು ಹೋದ ಮೇಲೆ ಅವರು ತಗಡಿನ ಗೋಡೆ ತಟ್ಟಿದರು. “ಹ್ವಾಯ್, ನಿಮ್ ಕಪ್ಪ್ ಬಣ್ಣ, ಸಣ್ ಬ್ರಷ್ ತಕಂಡ್ ಬನ್ನಿ.” ಹೋದೆ. ತೋಳಿನ ಮೇಲಿನ ಸೀಮೆಸುಣ್ಣದ ಮೂರು ಗುರುತು ತೋರಿಸಿದರು. “ದುಂಡಗೆ ಬರಿಕ್. ತೂತಿನ್ ಹಾಂಗೆ ಕಾಣ್ಕ್.” ನಾನು ಅವರ ಮುಖ ನೋಡಿದೆ. ಸಣ್ಣ ನಗುವೂ ಇರಲಿಲ್ಲ. ಎರಡು ತೋಳು, ಬದಿಗೆ ಮೂರರಂತೆ ಆರು ವೃತ್ತ. ಅಂಚಿಗೆ ಒಂದು ಎಳೆ ಬೂದು ಬಣ್ಣ ಕೊಟ್ಟರೆ ಆಳ ಕಾಣುತ್ತದೆ ಎಂದು ನಾನೇ ಸೂಚಿಸಿದೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ಊರಿನ ಹೆಸರನ್ನೂ ಬರೆದಿಲ್ಲ. ಬಣ್ಣ ಒಣಗುವವರೆಗೆ ಇಬ್ಬರೂ ಹಸುರು ಸೀಟಿನ ಮೇಲೆ ಕೂತಿದ್ದೆವು. ಐದು ತಿಂಗಳು ಬಾಯಿಮುಚ್ಚಿಕೊಂಡಿದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದೆ. “ತಪ್ಪಾಯ್ತ್ ಮೇಸ್ತ್ರಿ,” ಎಂದೆ. “ಇಬ್ರದ್ದೂ,” ಎಂದು ಅವರು ಕವಳ ಉಗಿಯಲು ಎದ್ದುಹೋದರು.

ಮರುದಿನ ಸಣ್ಣೊಡೆಯರು ಬಗ್ಗಿ ಕಾರಿನ ಅಡಿಗೆ ಇಣುಕಿ, ಆರೂ ತೂತು ಎಣಿಸಿ, “ಈಗ್ ಸಮ ಆಯ್ತ್ ಕಾಣಿ,” ಎಂದು ಮೇಸ್ತ್ರಿಯ ಬೆನ್ನು ತಟ್ಟಿದರು. ಮೇಸ್ತ್ರಿ ತಲೆ ಎತ್ತಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಮುಖ ನೋಡಲು ಕಷ್ಟ.

ಲಾರಿ ಹೋದ ಮೇಲೆ ಹದಿನೈದು ದಿನ ಅವರು ಯಾವ ಗಾಡಿಯ ಅಡಿಯಲ್ಲೂ ನಿದ್ದೆ ಮಾಡಲಿಲ್ಲ. ಮದ್ರಾಸಿನ ಸುದ್ದಿ ಪೇಪರಿನಲ್ಲಿ ಬಂತಾ ಎಂದು ದಿನಾ ಗೋಡೆ ತಟ್ಟುವರು. ರೇಸಿನ ಸುದ್ದಿ ನಮ್ಮ ಪೇಪರಿನಲ್ಲಿ ಯಾಕೆ ಬರುತ್ತದೆ? ಸತ್ತರೆ ಬರಬಹುದು ಎಂದು ಅವರು ಕಾಯುತ್ತಿದ್ದಾರೆ ಎಂದು ನನಗೆ ತಡವಾಗಿ ಹೊಳೆಯಿತು. ಆಮೇಲೆ ನಾನೂ ಕಾಯತೊಡಗಿದೆ.

ಸೀಸನ್ ಮುಗಿದು ಒಪ್ಪಂದದಂತೆ ಕಾರು ವಾಪಸು ಬಂತು. ಹಿಂದೆಯೇ ಟ್ಯಾಕ್ಸಿಯಲ್ಲಿ ಸಣ್ಣೊಡೆಯರು. ಕೊನೆಯಿಂದ ಎರಡನೆಯವರಾಗಿದ್ದರು. ಹಿಂದೆ ಪಲ್ಟಿಯಾದ ಅದೇ ತಿರುವಿನಲ್ಲಿ ಇನ್ನೊಂದು ಕಾರು ಗುದ್ದಿ, ಇವರ ಕಾರು ಬಯಲಿಗೆ ಜಾರಿ ಅಂಚಿಗಿಟ್ಟಿದ್ದ ಎಣ್ಣೆ ಡ್ರಮ್ಮಿಗೆ ಬಡಿದು ನಿಂತಿತ್ತಂತೆ. ತಿರುಗಿಸಿಕೊಂಡು ಬಂದು ಓಟ ಮುಗಿಸಿದರಂತೆ. “ಮುಂದೆ ಭಾರ ಆಯ್ತ್ ಮೇಸ್ತ್ರಿ, ತಿರ್ಗುದೇ ಇಲ್ಲ,” ಎಂದು ದೂರಿದರು. ಆ ತೋಳುಗಳಲ್ಲಿ ತೂತಿಲ್ಲದೆ ಉಳಿದ ಕಬ್ಬಿಣ ಒಂದು ಹಿಡಿ ಹುಣಿಸೆಹಣ್ಣಿನಷ್ಟು ತೂಗುತ್ತಿತ್ತೋ ಇಲ್ಲವೋ.  ಎಷ್ಟನೆಯ ಸ್ಥಾನ ಎಂದು ಮೇಸ್ತ್ರಿ ಕೇಳಿರಲೇ ಇಲ್ಲ. ಗೋಣಿ ಹಾಸಿ ಅಡಿಗೆ ತೂರಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನೂ ಕರೆದರು. ಎಡಗಡೆಯ ತೋಳು ಒಂದು ಬೆರಳಿನಷ್ಟು ಬಾಗಿತ್ತು. ಬಿರುಕು ಬಿಟ್ಟಿರಲಿಲ್ಲ. ನಡುವಿನ ಕಪ್ಪು ವೃತ್ತದ ಬಣ್ಣ ಮಾತ್ರ ಹಕ್ಕಳೆ ಎದ್ದಿತ್ತು. ಮೇಸ್ತ್ರಿ ಅದರ ಮೇಲೆ ಹೆಬ್ಬೆರಳಿಟ್ಟರು.  ಹೊರಗೆ ಬಂದು ಮರದ ಹೊಟ್ಟಿನಲ್ಲಿ ಕೈ ಉಜ್ಜಿಕೊಂಡು, “ತೊಂದ್ರಿ ಎಂತ ಇಲ್ಲ. ತಕಂಡ್ ಹೋಪ್ದೇ,” ಎಂದರು.

ಇದಾಗಿ ನಾಲ್ಕು ವರ್ಷ. ಮೊನ್ನೆ ಬಾರ್ಕೂರಿನ ಮನೆಯಲ್ಲಿ ಮೇಸ್ತ್ರಿಯ ಉತ್ತರಕ್ರಿಯೆಯ ಊಟಕ್ಕೆ ಸಣ್ಣೊಡೆಯರು ಮದ್ರಾಸಿನಿಂದ ಬಂದಿದ್ದರು. ಈಗ ಮೈ ತುಂಬಿಕೊಂಡಿದ್ದಾರೆ. ಗಲ್ಲಾದಲ್ಲಿ ಕೂತವರಿಗೆ ಬರುವ ಹೊಟ್ಟೆ ಬಂದಿದೆ. ತೋಳಿನಲ್ಲಿ ಎರಡು ವರ್ಷದ ಮಗಳು. ಚಾವಡಿಯಲ್ಲಿ ಎಲ್ಲರೂ ಮೇಸ್ತ್ರಿಯನ್ನು ಹೊಗಳುವಾಗ ಅವರೂ ನಗುತ್ತಾ ದೊಡ್ಡ ದನಿಯಲ್ಲಿ ಶುರುಮಾಡಿದರು: ಹಸುರು ಸೀಟು, ಹಾರ್ನು, ಮುಚ್ಚಿದ ತೂತುಗಳು. ಜನ ನಕ್ಕರು. ಸತ್ತವರ ಮನೆಯಲ್ಲಿ ಅಷ್ಟು ನಗು ಬೇಕಿತ್ತು.

“ಎಂತ ಹೇಳಿ, ನನ್ ಒಂದ್ ಸೀಸನ್ ಹಾಳ್ ಮಾಡಿದ್ರ್ ಪುಣ್ಯಾತ್ಮ,” ಎಂದರು ಸಣ್ಣೊಡೆಯರು. “ಆ ಐದ್ ತಿಂಗ್ಳ್ ಸಮಾ ಕೆಲ್ಸ ಮಾಡಿದ್ರೆ ಆ ವರ್ಷ ನಾನೇ ಗೆಲ್ತಿದ್ದೆ.”

ನನಗೆ ತಡೆಯಲಾಗಲಿಲ್ಲ. ಹೇಳಿಯೇಬಿಡುತ್ತೇನೆ ಎಂದು ಎದ್ದೆ. ಗೋಡೆಗೆ ಒರಗಿ ಕೂತಿದ್ದ ಮೇಸ್ತ್ರಿಯ ಹೆಂಡತಿ ನನ್ನನ್ನು ನೋಡಿ, ಬೇಡ ಎಂಬಂತೆ ಕೈ ಆಡಿಸಿದರು. ನನಗೂ ಮೇಸ್ತ್ರಿಗೂ ಮಾತ್ರ ಗೊತ್ತಿದೆ ಎಂದುಕೊಂಡಿದ್ದ ಬಣ್ಣದ ತೂತುಗಳ ವಿಷಯ ಅವರಿಗೂ ಗೊತ್ತಿತ್ತು. ಮತ್ತೆ ಅವರು ಸಣ್ಣೊಡೆಯರ ಕಡೆ ತಿರುಗಿದರು.

“ಗೆಲ್ದಿದ್ರೂ ಉಂಬುಕೆ ಬಂದ್ರಲೆ ಒಡೇರೆ,” ಎಂದರು. “ಕೂಕಣಿ. ಮಗುಗೂ ಒಂದ್ ಎಲಿ ಹಾಕುಕೆ ಹೇಳ್ತೆ.”

ಸಣ್ಣೊಡೆಯರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲೆಯ ಮುಂದೆ ಕೂತರು.